ಕುರಿಮಂದೆ ಬೆಳೆಸಿದ ಮನೆಯೊಡತಿ

ಆಸ್ಟ್ರೇಲಿಯಾ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಮನೆಯ ಗಂಡಸರನ್ನು ಕೇಳಿದರೆ ಕ್ರಿಕೆಟ್ ಎನ್ನುತ್ತಾರೆ. ಮಕ್ಕಳನ್ನು ಕೇಳಿದರೆ ಕಾಂಗರೂ ಎನ್ನುತ್ತಾರೆ. ನಮ್ಮ ಹೆಂಗಸರ ಪಾಲಿಗೆ ಅದು ಉಣ್ಣೆಯ ನಾಡು. ಮೊಮ್ಮಗುವಿಗೆ ಸ್ವೆಟರ್ ಹೆಣೆಯಲು ಕುಳಿತಾಗ, ನೂಲಿನ ಉಂಡೆಗೆ ಸುತ್ತಿದ ಚೀಟಿಯ ಮೇಲೆ 'ಮೆರಿನೋ' ಎಂಬ ಮಾತನ್ನು ನೀವೂ ಓದಿರುತ್ತೀರಿ. ಕೆನ್ನೆಗೆ ತಾಗಿಸಿದರೆ ಚುಚ್ಚದ, ಬೆಣ್ಣೆಯಂಥ ಆ ಉಣ್ಣೆ ಆಸ್ಟ್ರೇಲಿಯಾದ ಭಾಗ್ಯದ ಬಾಗಿಲನ್ನೇ ತೆರೆಯಿತು. ಅದರ ಹಿಂದೆ ಒಂದು ಒಕ್ಕಲು ಮನೆತನದ ಕಥೆಯಿದೆ. ಗಂಡ, ಹೆಂಡತಿ, ಒಂಬತ್ತು ಬಾಣಂತನ, ಒಂದು ಹೆಂಚಿನಷ್ಟು ಹಳೆಯ ಮನೆ ಮತ್ತು ಒಂದು ಕುರಿಮಂದೆ. ಬನ್ನಿ, ಆ ಮನೆಗೆ ಹೋಗಿ ಬರೋಣ.

ಮೊದಲು ಒಂದು ನೋಟಿನ ಮಾತು ಹೇಳಿಬಿಡುತ್ತೇನೆ. 1966ರಲ್ಲಿ ಆಸ್ಟ್ರೇಲಿಯಾ ಪೌಂಡು ಬಿಟ್ಟು ಡಾಲರಿಗೆ ಬಂದಾಗ ಎರಡು ಡಾಲರಿನ ಹಸಿರು ನೋಟೊಂದನ್ನು ಅಚ್ಚುಹಾಕಿತು. ಅದರ ಒಂದು ಬದಿಯಲ್ಲಿ ಗೋಧಿ ತಳಿಗಳ ಜನಕ ವಿಲಿಯಂ ಫ್ಯಾರರ್. ಇನ್ನೊಂದು ಬದಿಯಲ್ಲಿ ಜಾನ್ ಮೆಕಾರ್ಥರ್, ಅವನ ಪಕ್ಕದಲ್ಲಿ ಸುರುಳಿ ಕೊಂಬಿನ ಮೆರಿನೋ ಟಗರು. 1988ರಲ್ಲಿ ನಾಣ್ಯ ಬರುವವರೆಗೂ ಆ ನೋಟು ಕೈಯಿಂದ ಕೈಗೆ ಓಡಾಡಿತು. ಗಂಡ ಇದ್ದ, ಟಗರು ಇತ್ತು. ಆ ಟಗರುಗಳ ಮಂದೆಯನ್ನು ವರ್ಷಗಟ್ಟಲೆ ಒಬ್ಬಳೇ ಕಾಪಾಡಿದ ಹೆಂಡತಿ ಮಾತ್ರ ಆ ನೋಟಿನ ಮೇಲೆ ಇರಲಿಲ್ಲ! ಆಕೆಯ ಹೆಸರು ಎಲಿಜಬೆತ್ ಮೆಕಾರ್ಥರ್.

ಹಾವುಮೀನಿನ ಊರು

ಸಿಡ್ನಿ ನಗರದಿಂದ ಪಶ್ಚಿಮಕ್ಕೆ ಇಪ್ಪತ್ತೈದು ಕಿಲೋಮೀಟರಿನಷ್ಟು ದೂರದಲ್ಲಿ ಪರಾಮಟ್ಟ ಎಂಬ ಊರಿದೆ. ಈಗ ಅದು ಸಿಡ್ನಿಯೊಳಗೇ ಸೇರಿಹೋದ ದೊಡ್ಡ ಪೇಟೆ. ಈ ಹೆಸರು ಇಂಗ್ಲಿಷರು ಇಟ್ಟದ್ದಲ್ಲ. ಅಲ್ಲಿನ ಮೂಲನಿವಾಸಿಗಳಾದ ಧಾರುಗ್ ಜನರ ಮಾತು. ನದಿಯಲ್ಲಿ ಹಾವುಮೀನುಗಳು ಮಲಗುವ ಜಾಗ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ರೈಲಿನಲ್ಲಿ ಹೋಗುವುದಾದರೆ ಪಕ್ಕದ ಹ್ಯಾರಿಸ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿಯಬೇಕು. ಇಳಿದ ಕೂಡಲೇ ನಿಮಗೆ ಆಶ್ಚರ್ಯ ಕಾದಿರುತ್ತದೆ. ಒಗ್ಗರಣೆಯ ವಾಸನೆ, ದೋಸೆ, ಚಾಟು, ಸೀರೆ ಅಂಗಡಿ! ನಮ್ಮ ದೇಶದವರು ಅಷ್ಟೊಂದು ಮಂದಿ ನೆಲೆಸಿರುವ ಬಡಾವಣೆ ಅದು. 'ಲಿಟಲ್ ಇಂಡಿಯಾ' ಎಂದೇ ಹೆಸರು. ಮಗ ಸೊಸೆಯೋ, ಮಗಳು ಅಳಿಯನೋ ಸಿಡ್ನಿಯಲ್ಲಿರುವ ಎಷ್ಟೋ ತಾಯಂದಿರು ಸೊಪ್ಪು ತರಕಾರಿ, ಬೇಳೆಕಾಳಿಗೆಂದು ಈ ಬೀದಿಗೆ ಬಂದು ಹೋಗುತ್ತಾರೆ.

ಕೈಚೀಲ ಹಿಡಿದುಕೊಂಡೇ ಇನ್ನೊಂದಿಷ್ಟು ದೂರ ನಡೆಯಿರಿ. ಪಕ್ಕದ ರೋಸ್‌ಹಿಲ್ ಬಡಾವಣೆಯ ಆಲಿಸ್ ಬೀದಿಯಲ್ಲಿ, ಮರಗಳ ಮರೆಯಲ್ಲಿ, ತಗ್ಗು ಸೂರಿನ, ಉದ್ದ ಜಗಲಿಯ ಒಂದು ಮನೆ ಕಾಣುತ್ತದೆ. ಅದೇ ಎಲಿಜಬೆತ್ ಫಾರ್ಮ್. ಅದರ ಹಳೆಯ ಭಾಗ 1793ರಲ್ಲಿ ಕಟ್ಟಿದ್ದು. ಯುರೋಪಿಯನ್ನರು ಆ ಖಂಡದಲ್ಲಿ ಕಟ್ಟಿದ ಮನೆಗಳಲ್ಲಿ ಇಂದಿಗೂ ನಿಂತಿರುವ ಅತಿ ಹಳೆಯವುಗಳಲ್ಲಿ ಇದೂ ಒಂದು.

ಹಡಗಿನಲ್ಲಿ ಹುಟ್ಟಿ, ಹಡಗಿನಲ್ಲೇ ಹೋದ ಕೂಸು

ಎಲಿಜಬೆತ್ ಹುಟ್ಟಿದ್ದು 1766ರಲ್ಲಿ, ಇಂಗ್ಲೆಂಡಿನ ಡೆವನ್ ಸೀಮೆಯ ಬ್ರಿಡ್ಜ್‌ರೂಲ್ ಎಂಬ ಹಳ್ಳಿಯಲ್ಲಿ. ತಂದೆ ರಿಚರ್ಡ್ ವೀಲ್ ಒಕ್ಕಲಿಗ. ಮಗಳು ಚಿಕ್ಕವಳಿದ್ದಾಗಲೇ ತೀರಿಹೋದ. ತಾಯಿ ಮರುಮದುವೆಯಾದಳು. ಹುಡುಗಿ ಅಜ್ಜನ ಆಸರೆಯಲ್ಲಿ, ಊರಿನ ಪಾದ್ರಿಯ ಮನೆಯ ಮಕ್ಕಳ ಜೊತೆಯಲ್ಲಿ ಬೆಳೆದಳು. ಓದು ಬರಹ ಕಲಿತದ್ದೂ ಅಲ್ಲೇ. ಪಾದ್ರಿಯ ಮಗಳು ಬ್ರಿಜೆಟ್ ಆಕೆಯ ಪ್ರಾಣಸ್ನೇಹಿತೆ. ಮುಂದೆ ಆಸ್ಟ್ರೇಲಿಯಾದಿಂದ ಈ ಗೆಳತಿಗೆ ಬರೆದ ಪತ್ರಗಳಿಂದಲೇ ಆಕೆಯ ಬದುಕಿನ ಎಷ್ಟೋ ಸಂಗತಿಗಳು ನಮಗೆ ಸಿಕ್ಕಿವೆ.

1788ರಲ್ಲಿ ಮದುವೆ. ಗಂಡ ಜಾನ್ ಮೆಕಾರ್ಥರ್ ಸೈನ್ಯದ ಸಣ್ಣ ಅಧಿಕಾರಿ. ಬುದ್ಧಿವಂತ, ಆದರೆ ಮೂಗಿನ ತುದಿಯಲ್ಲೇ ಕೋಪ. ಮರುವರ್ಷ ಮೊದಲ ಮಗ ಎಡ್ವರ್ಡ್ ಹುಟ್ಟಿದ. ಕೂಸಿಗೆ ಇನ್ನೂ ವರ್ಷ ತುಂಬಿರಲಿಲ್ಲ, ಜಾನ್ ನ್ಯೂ ಸೌತ್ ವೇಲ್ಸ್ ದಳಕ್ಕೆ ಸೇರಿ ಭೂಮಿಯ ಆಚೆ ತುದಿಗೆ ಹೊರಟುನಿಂತ. ಹೆಂಡತಿಯೂ ಕೂಸನ್ನೆತ್ತಿಕೊಂಡು ಹಡಗು ಹತ್ತಿದಳು.

ಎಂಥ ಹಡಗು ಅಂತೀರಿ! ಇಂಗ್ಲೆಂಡಿನ ಜೈಲುಗಳಲ್ಲಿದ್ದ ಕೈದಿಗಳನ್ನು ಸಾಗಿಸುವ ಹಡಗು. ಚರಿತ್ರೆಯಲ್ಲಿ 'ಎರಡನೇ ಹಡಗುಪಡೆ' ಎಂದು ಅದಕ್ಕೆ ಕೆಟ್ಟ ಹೆಸರು. ಹೊರಟ ಸುಮಾರು ಒಂದು ಸಾವಿರ ಕೈದಿಗಳಲ್ಲಿ ನಾಲ್ಕನೇ ಒಂದು ಪಾಲು ಜನ ಹಸಿವು, ಜ್ವರ, ಕೊಳಕಿನಿಂದ ದಾರಿಯಲ್ಲೇ ಸತ್ತರು. ಅಧಿಕಾರಿಯ ಹೆಂಡತಿಯಾದರೂ ಎಲಿಜಬೆತ್‌ಗೆ ಸಿಕ್ಕಿದ್ದು ಕೈದಿಗಳ ಜಾಗಕ್ಕೆ ಅಂಟಿಕೊಂಡ ಇಕ್ಕಟ್ಟಾದ ಕೋಣೆ. ದುರ್ವಾಸನೆ, ಬೈಗುಳ, ನೀರಿಗೆ ಬರ. ಗಂಡ ಹಡಗಿನವರ ಜೊತೆ ಜಗಳವಾಡಿದ. ಕೊನೆಗೆ ನಡುಸಮುದ್ರದಲ್ಲೇ ಇನ್ನೊಂದು ಹಡಗಿಗೆ ಹತ್ತಬೇಕಾಯಿತು. ಆಗ ಆಕೆ ತುಂಬಿದ ಬಸುರಿ. ಮುಂದೆ ಗಂಡ ಕಾಯಿಲೆಯಿಂದ ಸಾಯುವಂತಾದ. ಅವನ ಶುಶ್ರೂಷೆಯ ನಡುವೆಯೇ ದಿನ ತುಂಬದ ಹೆಣ್ಣುಮಗು ಹುಟ್ಟಿತು, ಉಳಿಯಲಿಲ್ಲ. ತೌರಿನವರಿಲ್ಲ, ಸೂಲಗಿತ್ತಿಯಿಲ್ಲ, ಸುತ್ತ ನೀರೋ ನೀರು. ಆಗ ಆಕೆಗೆ ಇಪ್ಪತ್ತಮೂರು ವರ್ಷ.

1790ರ ಜೂನ್ ಕೊನೆಯಲ್ಲಿ ಹಡಗು ಸಿಡ್ನಿ ಮುಟ್ಟಿತು. ಅಲ್ಲಿ ಇದ್ದದ್ದಾದರೂ ಏನು? ಒಂದಿಷ್ಟು ಗುಡಿಸಲು, ಅಳೆದು ಕೊಡುವ ಪಡಿ, ಹಸಿದ ಜನ. ಒಡನಾಟಕ್ಕೆ ವಿದ್ಯಾವಂತ ಹೆಂಗಸರು ಇಲ್ಲವೆಂದರೂ ಸರಿಯೇ. ಎಲಿಜಬೆತ್ ಅಳುತ್ತ ಕೂರಲಿಲ್ಲ. ಡಾವ್ಸ್ ಎಂಬ ಅಧಿಕಾರಿಯಿಂದ ನಕ್ಷತ್ರಶಾಸ್ತ್ರ ಕಲಿಯಲು ಹೊರಟಳು. ಅದು ತೀರ ಕಠಿಣವಾಯಿತೆಂದು ಬಿಟ್ಟು ಗಿಡಮರಗಳ ಶಾಸ್ತ್ರಕ್ಕೆ ಕೈಹಾಕಿದಳು. ವರ್ಗನ್ ಎಂಬ ಹಡಗಿನ ವೈದ್ಯ ತನ್ನ ಪಿಯಾನೋವನ್ನು ಜೊತೆಗೆ ತಂದಿದ್ದ. ಅದು ಆ ಖಂಡಕ್ಕೆ ಬಂದ ಮೊದಲ ಪಿಯಾನೋ. ಆತ ಆಕೆಗೆ ಪಾಠ ಹೇಳಿಕೊಟ್ಟು, ಊರಿಗೆ ಮರಳುವಾಗ ವಾದ್ಯವನ್ನು ಆಕೆಗೇ ಬಿಟ್ಟುಹೋದ. ದರಿಂಗಾ ಎಂಬ ಮೂಲನಿವಾಸಿ ಬಾಣಂತಿ ತನ್ನ ಕೂಸನ್ನು ಮರದ ಮೆತ್ತನೆಯ ತೊಗಟೆಯಲ್ಲಿ ಸುತ್ತಿ ತಂದು ತೋರಿಸಿದ್ದನ್ನೂ, ಆಕೆಗೆ ಊಟ ಕೊಡಿಸಿ ಉಪಚರಿಸಿದ್ದನ್ನೂ ಎಲಿಜಬೆತ್ ಗೆಳತಿಗೆ ಬರೆದಿದ್ದಾಳೆ. ಕೂಸು ಕಳೆದುಕೊಂಡ ತಾಯಿಯ ಕಣ್ಣು ಆ ತೊಗಟೆಯ ಗಂಟಿನ ಮೇಲೆ ನೆಟ್ಟಿದ್ದರೆ ಆಶ್ಚರ್ಯವೇನು?

ಬಂಗಾಳದ ಕುರಿ, ಸ್ಪೇನಿನ ಟಗರು

1793ರಲ್ಲಿ ಪರಾಮಟ್ಟದ ಹತ್ತಿರ ಜಾನ್‌ಗೆ ಸರ್ಕಾರದಿಂದ ನೂರು ಎಕರೆ ಜಮೀನು ಸಿಕ್ಕಿತು. ಹೆಂಡತಿಯ ಹೆಸರನ್ನೇ ಇಟ್ಟ. ಜಮೀನಿನ ನಡುವೆ ಇಟ್ಟಿಗೆಯ ಮನೆ ಎದ್ದಿತು. ಅರವತ್ತೆಂಟು ಅಡಿ ಉದ್ದ, ಹದಿನೆಂಟು ಅಡಿ ಅಗಲ, ನಾಲ್ಕು ಕೋಣೆ, ನಡುಮನೆ, ನೆಲಮಾಳಿಗೆ. ಅಡಿಗೆಮನೆ ಪಕ್ಕದಲ್ಲಿ ಬೇರೆ. ಕೆಲಸಕ್ಕೆ ಕೈದಿಗಳು. ಮುಂದಿನ ವರ್ಷ ಜಾನ್ ಅಣ್ಣನಿಗೆ ಬರೆದ ಪತ್ರದಲ್ಲಿ ಮನೆಯ ಸಿರಿಯ ಲೆಕ್ಕವಿದೆ: ಎರಡು ಹಸು, ನೂರಮೂವತ್ತು ಆಡು, ನೂರಕ್ಕೂ ಮೀರಿ ಹಂದಿ, ಲೆಕ್ಕವಿಲ್ಲದಷ್ಟು ಕೋಳಿ ಬಾತುಕೋಳಿ. ಕಾಂಗರೂ ಬೇಟೆಗೆ ನಾಯಿಗಳು. ತೋಟದಲ್ಲಿ ದ್ರಾಕ್ಷಿ, ಅಂಜೂರ. ಪೀಚ್ ಹಣ್ಣಂತೂ ತಿಂದು ಮಿಕ್ಕದ್ದನ್ನು ಹಂದಿಗಳಿಗೆ ಹಾಕುವಷ್ಟು! ದಿನಕ್ಕೆ ಮೂವತ್ತು ನಲವತ್ತು ಆಳುಗಳಿಗೆ ಅನ್ನದ ದಾರಿ ನೋಡುವ ಮನೆಯೊಡತಿಯ ಪಾಡು ಹೇಗಿರಬೇಕು, ಕೂಡುಕುಟುಂಬದಲ್ಲಿ ಬೆಂದವರಿಗೆ ನಾನು ಹೇಳಬೇಕಿಲ್ಲ.

ಈ ಕಥೆಯಲ್ಲಿ ನಮ್ಮ ದೇಶವೂ ಬರುತ್ತದೆ ನೋಡಿ. 1794ರಲ್ಲಿ ಜಾನ್ ಕೊಂಡದ್ದು ಕಲ್ಕತ್ತೆಯಿಂದ ಹಡಗಿನಲ್ಲಿ ಬಂದ ಅರವತ್ತು ಬಂಗಾಳದ ಹೆಣ್ಣುಕುರಿ ಮರಿಗಳನ್ನು. ಅವುಗಳ ಮೈಮೇಲೆ ಇದ್ದದ್ದು ಆಡಿನಂಥ ಒರಟು ಕೂದಲು. ಐರ್ಲೆಂಡಿನ ಕುರಿಗಳ ಜೊತೆ ಬೆರೆಸಿದಾಗ ಹುಟ್ಟಿದ ಮರಿಗಳ ಮೈಮೇಲೆ ಕೂದಲು ಮತ್ತು ಉಣ್ಣೆ ಎರಡೂ ಬೆರೆತು ಬಂದವು. ತಳಿ ಬೆರೆಸಿದರೆ ಉಣ್ಣೆಯ ಗುಣ ಬದಲಾಗುತ್ತದೆ ಎಂದು ಅವನಿಗೆ ಹೊಳೆದದ್ದು ಹೀಗೆ.

ಆಗ ಜಗತ್ತಿನ ಅತಿ ನಯವಾದ ಉಣ್ಣೆ ಸ್ಪೇನಿನ ಮೆರಿನೋ ಕುರಿಯದು. ಆಫ್ರಿಕಾದ ತುದಿಯಲ್ಲಿ, ಡಚ್ಚರ ಕೇಪ್ ವಸಾಹತಿನಲ್ಲಿ, ಗಾರ್ಡನ್ ಎಂಬ ಸೇನಾಧಿಕಾರಿ ಸಾಕಿದ್ದ ಮೆರಿನೋ ಮಂದೆಯೊಂದಿತ್ತು. ಆತ ಸತ್ತ ಮೇಲೆ ಅವನ ವಿಧವೆ ಕೆಲವು ಕುರಿಗಳನ್ನು ಸಿಡ್ನಿಯ ಹಡಗಿನ ಕಪ್ತಾನರಿಗೆ ಮಾರಿದಳು. 1797ರಲ್ಲಿ ಅವು ಬಂದಿಳಿದವು. ಅವುಗಳಲ್ಲಿ ಒಂದಿಷ್ಟು ಎಲಿಜಬೆತ್ ಫಾರ್ಮ್ ಸೇರಿದವು. ಆಸ್ಟ್ರೇಲಿಯಾದ ಉಣ್ಣೆಯ ಮೂಲದಲ್ಲಿ ಹೀಗೆ ಇನ್ನೊಬ್ಬ ಹೆಂಗಸಿನ ಕೈಯೂ ಇದೆ.

ಗಂಡ ಊರಲ್ಲಿಲ್ಲದ ವರ್ಷಗಳು

'ಮನೆ ಗೆದ್ದು ಮಾರು ಗೆಲ್ಲು' ಎನ್ನುತ್ತಾರೆ. ಜಾನ್‌ಗೆ ಮನೆಯನ್ನು ಗೆದ್ದುಕೊಡಲು ಹೆಂಡತಿ ಇದ್ದಳು. ಹೊರಗೆ ಮಾತ್ರ ಅವನಿಗೆ ಎಲ್ಲರ ಜೊತೆ ಜಗಳ. 1801ರಲ್ಲಿ ತನ್ನ ಮೇಲಧಿಕಾರಿ ಪ್ಯಾಟರ್ಸನ್ನನೊಡನೆಯೇ ಪಿಸ್ತೂಲು ಹಿಡಿದು ದ್ವಂದ್ವಯುದ್ಧಕ್ಕೆ ನಿಂತು ಅವನ ಹೆಗಲಿಗೆ ಗುಂಡು ಹಾರಿಸಿದ. ಗವರ್ನರ್ ಕಿಂಗ್ ಅವನನ್ನು ವಿಚಾರಣೆಗೆಂದು ಇಂಗ್ಲೆಂಡಿಗೆ ಅಟ್ಟಿದ. ಹೋಗುವಾಗ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋದ, ಓದಿಸಲೆಂದು. ಹಿರಿಯ ಮಗ ಎಡ್ವರ್ಡ್ ಅದಾಗಲೇ ಅಲ್ಲಿದ್ದ.

ಹೋದ ಮಕ್ಕಳಲ್ಲಿ ಒಬ್ಬ ಜಾನ್, ಅಪ್ಪನ ಹೆಸರಿನವನೇ. ಏಳು ವರ್ಷದ ಹುಡುಗ. ತಾಯಿ ಅವನ ಪೆಟ್ಟಿಗೆ ಕಟ್ಟಿಕೊಟ್ಟಳು, ಹಡಗು ಹತ್ತಿಸಿದಳು. ಆ ಮಗನನ್ನು ಆಕೆ ಮತ್ತೆಂದೂ ನೋಡಲಿಲ್ಲ. ಓದಿ ಲಂಡನ್ನಿನಲ್ಲಿ ವಕೀಲನಾದ, ಮನೆತನದ ಉಣ್ಣೆಯ ವ್ಯವಹಾರಕ್ಕೆ ಅಲ್ಲಿ ಬೆನ್ನೆಲುಬಾಗಿ ನಿಂತ, ಅಮ್ಮನಿಗೆ ಪತ್ರ ಬರೆದ. 1831ರಲ್ಲಿ ಅಲ್ಲೇ ತೀರಿಕೊಂಡ. ಸುದ್ದಿ ತಾಯಿಗೆ ತಲುಪಿದ್ದು ಹಡಗು ಬಂದ ಮೇಲೆ, ತಿಂಗಳುಗಳ ನಂತರ. ಮೂವತ್ತು ವರ್ಷ ಆಕೆಯ ಮನಸ್ಸಿನಲ್ಲಿ ಅವನು ಏಳು ವರ್ಷದವನಾಗಿಯೇ ಇದ್ದಿರಬೇಕು. ಹೊರದೇಶದಲ್ಲಿ ಮಕ್ಕಳಿರುವ ತಾಯಂದಿರೇ, ಈಗ ಫೋನಿನಲ್ಲಿ ಮುಖವನ್ನಾದರೂ ನೋಡುತ್ತೀರಿ. ಆಗ ಒಂದು ಕಾಗದ ಹೋಗಿ ಉತ್ತರ ಬರಲು ಹೆಚ್ಚು ಕಡಿಮೆ ಒಂದು ವರ್ಷ!

ಗಂಡನಿಲ್ಲದ ಆ ನಾಲ್ಕು ವರ್ಷ ಜಮೀನು, ಮಂದೆ, ಆಳುಗಳು ಎಲ್ಲವೂ ಎಲಿಜಬೆತ್‌ಳ ಕೈಯಲ್ಲಿ. 1804ರ ಮಾರ್ಚ್‌ನಲ್ಲಿ ಹತ್ತಿರದ ಕ್ಯಾಸಲ್ ಹಿಲ್‌ನಲ್ಲಿ ಕೈದಿಗಳು ದಂಗೆಯೆದ್ದರು. ಮೊದಲು ಎಲಿಜಬೆತ್ ಫಾರ್ಮ್‌ಗೇ ಬೆಂಕಿಯಿಟ್ಟು ಸೈನಿಕರ ಗಮನ ಸೆಳೆಯುವುದು ಅವರ ಯೋಜನೆ ಎಂದು ಸುದ್ದಿ ಬಂತು. ರಾತ್ರೋರಾತ್ರಿ ಚಿಕ್ಕ ಮಕ್ಕಳನ್ನು ಎತ್ತಿಕೊಂಡು ದೋಣಿ ಹತ್ತಿ ನದಿಯ ದಾರಿಯಲ್ಲಿ ಸಿಡ್ನಿಗೆ ಹೋದಳು. ದಂಗೆ ಅಡಗಿದ ಮೇಲೆ ಮರಳಿ ಬಂದು ಮತ್ತೆ ಕೆಲಸಕ್ಕೆ ಕೈಹಚ್ಚಿದಳು.

1805ರಲ್ಲಿ ಜಾನ್ ಗೆದ್ದವನಂತೆ ಹಿಂತಿರುಗಿದ. ಇಂಗ್ಲೆಂಡಿನ ದೊರೆಯ ಸ್ವಂತ ಮಂದೆಯಿಂದ ಹರಾಜಿನಲ್ಲಿ ಕೊಂಡ ಮೆರಿನೋ ಕುರಿಗಳು ಜೊತೆಯಲ್ಲಿದ್ದವು. ದಕ್ಷಿಣಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದ 'ಕೌಪಾಸ್ಚರ್ಸ್' ಸೀಮೆಯಲ್ಲಿ ಐದು ಸಾವಿರ ಎಕರೆಯ ಮಂಜೂರಾತಿಯೂ ಇತ್ತು. ಆ ಸೀಮೆಗೆ ಆ ಹೆಸರು ಬಂದದ್ದೂ ಸ್ವಾರಸ್ಯ. 1788ರಲ್ಲಿ ಮೊದಲ ಹಡಗುಗಳಲ್ಲಿ ಬಂದ ಕೆಲವು ದನಗಳು ಕಟ್ಟು ಬಿಚ್ಚಿಕೊಂಡು ಓಡಿಹೋಗಿದ್ದವು. ಏಳು ವರ್ಷಗಳ ಮೇಲೆ ನೋಡಿದರೆ ಅಲ್ಲಿನ ಹುಲ್ಲುಗಾವಲಿನಲ್ಲಿ ಸುಖವಾಗಿ ಮೇಯ್ದು ದೊಡ್ಡ ಹಿಂಡೇ ಆಗಿದ್ದವು! ಎಲ್ಲಿ ದನ ಬೆಳೆಯುತ್ತದೋ ಅಲ್ಲಿ ಕುರಿಯೂ ಬೆಳೆಯುತ್ತದೆ ಅಲ್ಲವೇ? ಆ ಜಮೀನಿಗೆ ಕ್ಯಾಮ್ಡೆನ್ ಎಂದು ಹೆಸರಿಟ್ಟರು.

ಮೂರು ವರ್ಷ ಕಳೆಯುವುದರೊಳಗೆ ಮತ್ತೆ ಜಗಳ. 1808ರ ಜನವರಿ 26ರಂದು ಸೈನ್ಯದವರು ಗವರ್ನರ್ ಬ್ಲೈನನ್ನೇ ಬಂಧಿಸಿದರು. 'ರಮ್ ದಂಗೆ' ಎಂದು ಹೆಸರಾದ ಆ ಪ್ರಕರಣದ ಸೂತ್ರಧಾರ ಜಾನ್ ಮೆಕಾರ್ಥರ್. ಮರುವರ್ಷ ಚಿಕ್ಕ ಗಂಡುಮಕ್ಕಳಾದ ಜೇಮ್ಸ್, ವಿಲಿಯಂ ಇಬ್ಬರನ್ನೂ ಕರೆದುಕೊಂಡು ಇಂಗ್ಲೆಂಡಿಗೆ ಹೋದವನು, ಬಂದರೆ ಬಂಧಿಸುತ್ತಾರೆಂಬ ಹೆದರಿಕೆಯಿಂದ 1817ರವರೆಗೂ ಅಲ್ಲೇ ಉಳಿದ. ಎಂಟು ವರ್ಷಕ್ಕೂ ಮೇಲೆ! ನಾಲ್ಕು ಗಂಡುಮಕ್ಕಳಲ್ಲಿ ಒಬ್ಬನೂ ಈಗ ತಾಯಿಯ ಹತ್ತಿರವಿಲ್ಲ. ಹೆಣ್ಣುಮಕ್ಕಳು ಮಾತ್ರ ಜೊತೆಗೆ. ಎಲ್ಲಕ್ಕೂ ಕಿರಿಯವಳು ಎಮೆಲೀನ್, ಇನ್ನೂ ಕಂಕುಳ ಕೂಸು.

ಮೆರಿನೋ ಉಣ್ಣೆಯ ನಿಜವಾದ ಕಥೆ ನಡೆದದ್ದು ಈ ವರ್ಷಗಳಲ್ಲಿ. ಕುರಿ ಸಾಕುವುದು ಎಂದರೆ ಮೇಯಲು ಬಿಟ್ಟು ಸುಮ್ಮನಿರುವುದಲ್ಲ, ನಮ್ಮ ಕುರುಬರ ಮನೆಯವರನ್ನು ಕೇಳಿ ನೋಡಿ. ಯಾವ ಟಗರನ್ನು ಯಾವ ಹೆಣ್ಣುಕುರಿಗಳ ಜೊತೆ ಬಿಡಬೇಕು, ಯಾವುದನ್ನು ಮಾಂಸಕ್ಕೆ ಮಾರಬೇಕು, ಯಾವುದನ್ನು ತಳಿಗೆ ಉಳಿಸಬೇಕು, ಎಲ್ಲಕ್ಕೂ ಲೆಕ್ಕ ಬೇಕು. ಒಂದು ಒರಟು ತುಪ್ಪಟದ ಟಗರು ಮಂದೆಯೊಳಗೆ ನುಸುಳಿದರೆ ಹತ್ತು ವರ್ಷದ ಶ್ರಮ ನೀರುಪಾಲು. ಕತ್ತರಿಸುವ ಮೊದಲು ಕುರಿಗಳನ್ನು ತೊರೆಯಲ್ಲಿ ತೊಳೆಯಬೇಕು. ಕತ್ತರಿಸಿದ ತುಪ್ಪಟವನ್ನು ನಯ ಒರಟು ನೋಡಿ ಬೇರೆ ಮಾಡಬೇಕು, ಮೂಟೆ ಕಟ್ಟಬೇಕು, ಹಡಗಿಗೆ ಸಾಗಿಸಬೇಕು. ಎಲಿಜಬೆತ್ ಪರಾಮಟ್ಟದ ಮನೆಯನ್ನೂ ನೋಡಿಕೊಂಡು, ಕ್ಯಾಮ್ಡೆನ್ನಿನ ಮಂದೆಯನ್ನೂ ನೋಡಿಕೊಂಡು, ಕೈದಿ ಆಳುಗಳ ಜಗಳ ಬಿಡಿಸಿ, ಬರಗಾಲ ಪ್ರವಾಹಗಳನ್ನು ತಡೆದುಕೊಂಡು ಈ ಕೆಲಸ ನಡೆಸಿದಳು. ಗಂಡನ ಅಣ್ಣನ ಮಗ ಹ್ಯಾನಿಬಲ್ ಕೆಲಕಾಲ ಸಹಾಯಕ್ಕಿದ್ದ. ಗಂಡನಿಂದ ಸಲಹೆಯ ಪತ್ರಗಳು ಬರುತ್ತಿದ್ದವು, ಆದರೆ ಅವು ಕೈಸೇರುವ ಹೊತ್ತಿಗೆ ಋತುವೇ ಬದಲಾಗಿರುತ್ತಿತ್ತು. ನಿರ್ಧಾರ ಆಕೆಯದೇ. ಗಂಡನೂ ಅದನ್ನು ಮೆಚ್ಚಿ ಬರೆದಿದ್ದಾನೆ. ಗವರ್ನರ್ ಮೆಕ್ವಾರಿ ಆಕೆಯ ಬೇಸಾಯದ ಜಾಣ್ಮೆಗೆಂದೇ ಪರಾಮಟ್ಟದ ಹತ್ತಿರ ಆರುನೂರು ಎಕರೆ ಕೊಟ್ಟ.

1822ರಲ್ಲಿ ಲಂಡನ್ನಿನ ಕಲೆಗಳ ಸಂಘ ಉತ್ತಮ ಉಣ್ಣೆಗಾಗಿ ಎರಡು ಚಿನ್ನದ ಪದಕ ಕೊಟ್ಟಿತು. ಪದಕಗಳ ಮೇಲೆ ಯಾರ ಹೆಸರು ಎಂದು ನೀವೇ ಊಹಿಸಿ. ಜಾನ್ ಮೆಕಾರ್ಥರ್!

ಆ ನೆಲ ಯಾರದಾಗಿತ್ತು?

ಇಷ್ಟು ಹೇಳಿ ಇನ್ನೊಂದನ್ನು ಹೇಳದಿದ್ದರೆ ಕಥೆ ಅರ್ಧವಾದೀತು. ಸರ್ಕಾರ 'ಕೊಟ್ಟ' ನೂರು ಎಕರೆ, ಐದು ಸಾವಿರ ಎಕರೆ ಬರಿದಾಗಿ ಬಿದ್ದಿರಲಿಲ್ಲ. ಪರಾಮಟ್ಟ ಧಾರುಗ್ ಜನರ ನೆಲ. ಕ್ಯಾಮ್ಡೆನ್ ಕಡೆಯದು ಧರಾವಲ್ ಜನರದು. ಅವರು ಗೆಡ್ಡೆ ಅಗೆದ, ಬೇಟೆಯಾಡಿದ ಜಾಗದಲ್ಲಿ ಕುರಿಗಳು ಮೇಯ್ದವು. ಹೊಟ್ಟೆಗೆ ಏಟು ಬಿದ್ದಾಗ ಜಗಳ ಹುಟ್ಟಿತು. 1814ರಿಂದ 1816ರವರೆಗೆ ಎರಡೂ ಕಡೆ ಸಾವುಗಳಾದವು. ಮೆಕಾರ್ಥರ್ ಜಮೀನಿನ ಆಳುಗಳೂ ಸತ್ತರು. ಆಗ ಗವರ್ನರ್ ಮೆಕ್ವಾರಿ ಸೈನಿಕರನ್ನು ಕಳಿಸಿದ. 1816ರ ಏಪ್ರಿಲ್ 17ರ ನಸುಕಿನಲ್ಲಿ ಆಪಿನ್ ಎಂಬಲ್ಲಿ ಮಲಗಿದ್ದ ಜನರ ಮೇಲೆ ಸೈನಿಕರು ಬಿದ್ದರು. ಗುಂಡಿಗೆ ಸಿಕ್ಕಿ, ಕಮರಿಗೆ ಬಿದ್ದು ಕನಿಷ್ಠ ಹದಿನಾಲ್ಕು ಮಂದಿ ಸತ್ತರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು.

ಈ ಮೆಕ್ವಾರಿ ನಮಗೆ ಅಪರಿಚಿತನಲ್ಲ. 1799ರಲ್ಲಿ ಟಿಪ್ಪೂ ಸುಲ್ತಾನನ ಶ್ರೀರಂಗಪಟ್ಟಣವನ್ನು ಮುತ್ತಿದ ಇಂಗ್ಲಿಷ್ ಸೈನ್ಯದಲ್ಲಿ ಇವನೂ ಒಬ್ಬ ಅಧಿಕಾರಿಯಾಗಿದ್ದ. ಕಾವೇರಿ ದಂಡೆಯಲ್ಲಿ ಕೋಟೆ ಮುರಿದವರೇ ಪರಾಮಟ್ಟ ನದಿಯ ದಂಡೆಯಲ್ಲೂ ಜಮೀನು ಹಂಚಿದರು. ಎಲಿಜಬೆತ್ ಒಳ್ಳೆಯ ಹೆಂಗಸು, ಕಷ್ಟಜೀವಿ, ನಿಜ. ಆಕೆಯ ಮಂದೆ ಬೆಳೆದದ್ದು ದರಿಂಗಾಳಂಥ ತಾಯಂದಿರ ನೆಲದ ಮೇಲೆ ಎಂಬುದೂ ಅಷ್ಟೇ ನಿಜ. ಎರಡನ್ನೂ ಒಟ್ಟಿಗೇ ನೆನೆಯಬೇಕು.

ಮುಸ್ಸಂಜೆಯ ದುಃಖ

ಕಷ್ಟ ಮನುಷ್ಯರಿಗೆ ಬರದೆ ಮರಕ್ಕೆ ಬರುತ್ತದೆಯೇ ಎನ್ನುತ್ತಾರೆ. ಗಂಡ ಮರಳಿದ, ಇಬ್ಬರು ಗಂಡುಮಕ್ಕಳು ಬೆಳೆದು ಬಂದರು, ಮನೆಗೆ ಹೊಸ ಜಗಲಿ, ಹೊಸ ಕೋಣೆ ಬಂದವು. ಆದರೆ ಜಾನ್‌ನ ಮನಸ್ಸಿನ ಆರೋಗ್ಯ ಕೆಡುತ್ತ ಬಂತು. 1832ರಲ್ಲಿ ಅವನಿಗೆ ಬುದ್ಧಿ ಸ್ವಾಧೀನವಿಲ್ಲವೆಂದು ಸರ್ಕಾರವೇ ಘೋಷಿಸಿ ಶಾಸನಸಭೆಯಿಂದ ಬಿಡಿಸಿತು. ನಲವತ್ತು ವರ್ಷ ಜೊತೆಗಿದ್ದ ಹೆಂಡತಿಯ ನಡತೆಯನ್ನೇ ಅವನು ಶಂಕಿಸಿದ. ತನ್ನದೇ ಹೆಸರಿನ ಮನೆಯನ್ನು ಬಿಟ್ಟು ಆಕೆ ಬೇರೆ ಕಡೆ ಇರಬೇಕಾಯಿತು. ಕಾಯಿಲೆ ಆಡಿಸಿದ ಮಾತು ಅದು ಎಂದು ಆಕೆ ತಿಳಿದುಕೊಂಡಳು. ಮಕ್ಕಳಿಗೆ ಬರೆದ ಪತ್ರಗಳಲ್ಲಿ ಅವನ ಬಗ್ಗೆ ಕನಿಕರವೇ ಇದೆ. ಮಕ್ಕಳು ಅವನನ್ನು ಕ್ಯಾಮ್ಡೆನ್ನಿಗೆ ಕರೆದೊಯ್ದು ನೋಡಿಕೊಂಡರು. 1834ರ ಏಪ್ರಿಲ್‌ನಲ್ಲಿ ಅವನು ಅಲ್ಲೇ ತೀರಿಕೊಂಡ. ಅವನೇ ಯೋಜಿಸಿದ ಕ್ಯಾಮ್ಡೆನ್ ಪಾರ್ಕ್ ಎಂಬ ದೊಡ್ಡ ಮನೆ ಆಗಿನ್ನೂ ಏಳುತ್ತಿತ್ತು.

ಎಲಿಜಬೆತ್ ಎಲಿಜಬೆತ್ ಫಾರ್ಮ್‌ಗೆ ಮರಳಿ, ಅಲ್ಲೇ ಕೊನೆಯವರೆಗೂ ನೆಲೆಸಿದಳು. ಕಿರಿಯ ಮಗಳು ಎಮೆಲೀನ್‌ಳ ಮನೆಗೆ ಹೋಗಿದ್ದಾಗ 1850ರ ಫೆಬ್ರವರಿ 9ರಂದು ತೀರಿಕೊಂಡಳು. ಆಸ್ಟ್ರೇಲಿಯಾಕ್ಕೆ ಬಂದು ಅರವತ್ತು ವರ್ಷವಾಗಿತ್ತು. ಒಮ್ಮೆಯೂ ತೌರಿಗೆ ಹೋಗಲಿಲ್ಲ.

ಮೊಮ್ಮಗಳು ಹಿಡಿದ ಹಗ್ಗ

ಮನೆತನದ ಹೆಸರನ್ನು ಮುಂದಕ್ಕೆ ಸಾಗಿಸಿದವಳೂ ಒಬ್ಬ ಹೆಣ್ಣುಮಗಳೇ. ಮಗ ಜೇಮ್ಸ್‌ಗೆ ಹುಟ್ಟಿದ್ದು ಒಂದೇ ಕೂಸು. ಅದಕ್ಕೂ ಎಲಿಜಬೆತ್ ಎಂದೇ ಹೆಸರು. 1867ರಲ್ಲಿ ಆಕೆ ಮದುವೆಯಾದದ್ದು ನೌಕಾಪಡೆಯ ಆರ್ಥರ್ ಆನ್‌ಸ್ಲೋ ಎಂಬುವನನ್ನು. ಅವನು ಹುಟ್ಟಿದ್ದು ನಮ್ಮ ತಿರುಚಿನಾಪಳ್ಳಿಯಲ್ಲಿ! 1882ರಲ್ಲಿ ಗಂಡ ತೀರಿದಾಗ ಆಕೆಗೆ ನಲವತ್ತೊಂದು ವರ್ಷ, ಮಡಿಲ ತುಂಬ ಮಕ್ಕಳು. ಮಕ್ಕಳ ಓದಿಗೆಂದು ಇಂಗ್ಲೆಂಡಿಗೆ ಹೋದವಳು ಸುಮ್ಮನೆ ಕೂರದೆ ಯುರೋಪಿನ ಹೈನುಗಾರಿಕೆಯನ್ನು ಅಭ್ಯಾಸ ಮಾಡಿ ಬಂದಳು. ಕ್ಯಾಮ್ಡೆನ್, ಮೆನಾಂಗಲ್ ಕಡೆ ಹಾಲು ಬೆಣ್ಣೆಯ ಕೆಲಸ ಬೆಳೆಯಿತು. 1899ರಲ್ಲಿ ಜಮೀನನ್ನು ಒಂದು ಕಂಪನಿಯಾಗಿ ಮಾಡಿ ಮಕ್ಕಳಿಗೆ ಪಾಲು ಕೊಟ್ಟಳು. ಹೊಲ ಚೂರಾಗಲಿಲ್ಲ. ಪಾಲಿನ ಜಗಳದಲ್ಲಿ ಗದ್ದೆ ತುಂಡಾದದ್ದನ್ನು ಕಂಡ ನಮಗೆ ಈ ಜಾಣತನದ ಬೆಲೆ ಗೊತ್ತು. 1952ರಲ್ಲಿ ಇದೇ ಜಮೀನಿನಲ್ಲಿ ಹಸುಗಳನ್ನು ತಿರುಗುವ ವೇದಿಕೆಯ ಮೇಲೆ ನಿಲ್ಲಿಸಿ ಹಾಲು ಕರೆಯುವ 'ರೋಟೊಲ್ಯಾಕ್ಟರ್' ಯಂತ್ರ ಬಂತು. ಅದನ್ನು ನೋಡಲು ಶಾಲೆಯ ಮಕ್ಕಳು ಸಾಲುಗಟ್ಟಿ ಬರುತ್ತಿದ್ದರು. ಈಗ ಅದು ನಿಂತುಹೋಗಿದೆ. ಕ್ಯಾಮ್ಡೆನ್ ಪಾರ್ಕ್ ಮನೆಯಲ್ಲಿ ಮಾತ್ರ ಇಂದಿಗೂ ಅದೇ ವಂಶದವರು ಇದ್ದಾರೆ. ವರ್ಷದಲ್ಲಿ ಒಂದೆರಡು ದಿನ ಜನರಿಗೆ ಬಾಗಿಲು ತೆರೆಯುವ ರೂಢಿಯಿದೆ.

ಮುಟ್ಟಿ ನೋಡಬಹುದಾದ ಮನೆ

ಎಲಿಜಬೆತ್ ಫಾರ್ಮ್‌ನ ಪಾಡು ಬೇರೆಯಾಯಿತು. ಸುತ್ತಲಿನ ಜಮೀನು ನಿವೇಶನಗಳಾಗಿ ಮಾರಿಹೋಯಿತು. ಮನೆ ಪಾಳುಬಿತ್ತು. 1904ರಲ್ಲಿ ಸ್ವಾನ್ ಎಂಬ ಸಂಸಾರ ಅದನ್ನು ಕೊಂಡು ದುರಸ್ತಿ ಮಾಡಿಕೊಂಡು ಅರವತ್ತಕ್ಕೂ ಹೆಚ್ಚು ವರ್ಷ ಬಾಳಿತು. ಆ ಮನೆಯ ಹೆಣ್ಣುಮಕ್ಕಳ ಅಕ್ಕರೆಯಿಂದಲೇ ಗೋಡೆಗಳು ಉಳಿದವು ಎನ್ನಬಹುದು. 1984ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು.

ಇದು ಬೇರೆ ಸಂಗ್ರಹಾಲಯಗಳಂತಲ್ಲ. 'ಮುಟ್ಟಬಾರದು' ಎಂಬ ಫಲಕವಿಲ್ಲ, ಹಗ್ಗದ ಬೇಲಿಯಿಲ್ಲ. ಕುರ್ಚಿ ಮೇಜುಗಳೆಲ್ಲ ಹಳೆಯ ಮಾದರಿಯಲ್ಲಿ ಹೊಸದಾಗಿ ಮಾಡಿಸಿದವು. ನೀವು ಕುರ್ಚಿಯಲ್ಲಿ ಕೂರಬಹುದು, ಮೇಜಿನ ಮೇಲೆ ಕೈಯೂರಬಹುದು, ಅಡಿಗೆಮನೆಯ ಒಲೆಯ ಮುಂದೆ ನಿಂತು ಇಷ್ಟು ಜನಕ್ಕೆ ಹೇಗೆ ಬೇಯಿಸಿದರೋ ಎಂದು ಲೆಕ್ಕ ಹಾಕಬಹುದು. ತೋಟದಲ್ಲಿ 1805ರಲ್ಲಿ ನೆಟ್ಟದ್ದೆಂದು ಹೇಳುವ ಆಲಿವ್ ಮರವನ್ನು ತೋರಿಸುತ್ತಾರೆ. ಕಾಲು ನೋವಿದ್ದರೆ ಜಗಲಿಯ ನೆರಳಿನಲ್ಲಿ ಕೂತು ಸುಧಾರಿಸಿಕೊಳ್ಳಿ. ನಮ್ಮ ಮಲೆನಾಡಿನ ಜಗಲಿಯ ನೆನಪು ಬಾರದೆ ಇರದು. ಹೋಗುವ ಮುನ್ನ ಯಾವ ದಿನ ತೆರೆದಿರುತ್ತದೆಂದು ಮಕ್ಕಳ ಕೈಲಿ ವಿಚಾರಿಸಿಕೊಳ್ಳಿ. ಅಲ್ಲಿನ ಬೇಸಿಗೆ ನಮ್ಮ ಡಿಸೆಂಬರ್, ಜನವರಿಯಲ್ಲಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋದರೆ ವಸಂತದ ಹೂವೂ ಸಿಗುತ್ತದೆ, ಸೆಕೆಯೂ ಇರುವುದಿಲ್ಲ.

ನೋಟಿನ ಮೇಲೆ ಇಲ್ಲದ ಎಲಿಜಬೆತ್‌ಳ ಹೆಸರು ಈಗ ಮೆನಾಂಗಲ್‌ನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆಗಿದೆ. ಆದರೂ ಆಕೆಯನ್ನು ಮರೆವಿನಿಂದ ಉಳಿಸಿದ್ದು ಸಂಸ್ಥೆಯೂ 아니, ಪದಕವೂ ಅಲ್ಲ.